ಲಾಭಾಲಾಭಗಳ ನಡುವೆ ಒಬ್ಬ ಶ್ರಾವಕ: ಬನಾರಸೀದಾಸರ ‘ಅರ್ಧಕಥಾನಕ’

ಹಣ, ಅದೃಷ್ಟ, ಆರೋಗ್ಯ ಹಾಗೂ ನಿತ್ಯಜೀವನದ ಸಣ್ಣಪುಟ್ಟ ಸುಖಗಳು ಧರ್ಮಚಿಂತನೆಗೆ ಹೊರಗಿನ ವಿಷಯಗಳೆಂಬ ಭಾವನೆ ಸಾಮಾನ್ಯವಾಗಿದೆ. ಜೈನಾಚಾರ್ಯರು ಹಾಗೆ ಬಗೆಯಲಿಲ್ಲ. ಕರ್ಮಸಿದ್ಧಾಂತದ ಎಂಟು ಮೂಲಪ್ರಕೃತಿಗಳಲ್ಲಿ ಎರಡು ಈ ವಿಷಯಗಳಿಗೆ ನೇರವಾಗಿ ಸಂಬಂಧಿಸಿವೆ. ದೇಹಕ್ಕೆ ಒದಗುವ ಸುಖದುಃಖಗಳ ಅನುಭವವು ಸಾತಾ ಮತ್ತು ಅಸಾತಾ ಎಂಬ ಎರಡು ಬಗೆಯ ವೇದನೀಯ ಕರ್ಮದ ಫಲ. ಅಂತರಾಯ ಕರ್ಮಕ್ಕೆ ದಾನ, ಲಾಭ, ಭೋಗ, ಉಪಭೋಗ, ವೀರ್ಯ ಎಂದು ಐದು ಭೇದಗಳು. ಕೈಗೆ ಬರಬೇಕಾದ ಹಣ ಬಾರದಿರುವುದು ಲಾಭಾಂತರಾಯ. ಎಡೆಯಲ್ಲಿ ಬಡಿಸಿದ ಅನ್ನವನ್ನು ಉಣ್ಣಲಾಗದಿರುವುದು ಭೋಗಾಂತರಾಯ. ಬಟ್ಟೆ, ಹಾಸಿಗೆಗಳಿದ್ದೂ ಅವುಗಳ ಸುಖ ಒದಗದಿರುವುದು ಉಪಭೋಗಾಂತರಾಯ. ಕೊಡಲು ವಸ್ತುವಿದ್ದೂ ಕೊಡಲಾಗದಿರುವುದು ದಾನಾಂತರಾಯ. ಲೋಕವು ಯಾವುದನ್ನು ಅದೃಷ್ಟವೆಂದು ಕರೆಯುತ್ತದೆಯೋ ಅದನ್ನು ಶಾಸ್ತ್ರವು ಹೀಗೆ ಬಿಡಿಸಿ ಬಿಡಿಸಿ ಲೆಕ್ಕಕ್ಕೆ ತಂದಿದೆ.

ಆದರೆ ಈ ಲೆಕ್ಕವು ಒಬ್ಬ ಸಾಮಾನ್ಯ ಶ್ರಾವಕನ ಬದುಕಿನಲ್ಲಿ ಹೇಗೆ ನಡೆಯಿತೆಂಬುದನ್ನು ತಿಳಿಸುವ ಐತಿಹಾಸಿಕ ಆಧಾರಗಳು ವಿರಳ. ಶಾಸನಗಳು ಅರಸರ, ಮಂತ್ರಿಗಳ, ಸೆಟ್ಟಿಗಳ ದಾನವನ್ನು ಹೇಳುತ್ತವೆ. ಅವರ ಸಾಲ, ರೋಗ, ಹಸಿವುಗಳನ್ನು ಯಾರೂ ಕಲ್ಲಿನ ಮೇಲೆ ಕೆತ್ತಿಸುವುದಿಲ್ಲ. ಈ ಕೊರತೆಯನ್ನು ತುಂಬುವ ಒಂದು ಅಪೂರ್ವ ಕೃತಿಯೆಂದರೆ ಆಗ್ರಾದ ಜೈನ ವರ್ತಕರೂ ಕವಿಗಳೂ ಆದ ಬನಾರಸೀದಾಸರ ‘ಅರ್ಧಕಥಾನಕ’. 1641ರಲ್ಲಿ, ತಮ್ಮ ಐವತ್ತೈದನೆಯ ವಯಸ್ಸಿನಲ್ಲಿ, ಅವರು ತಮ್ಮ ಜೀವನವೃತ್ತಾಂತವನ್ನು 675 ಪದ್ಯಗಳಲ್ಲಿ ಬರೆದರು. ಮನುಷ್ಯನ ಪೂರ್ಣಾಯುಷ್ಯ ನೂರಹತ್ತು ವರ್ಷಗಳೆಂಬ ಎಣಿಕೆಯಲ್ಲಿ ಇದು ಅರ್ಧ ಕಥೆ. ಭಾರತೀಯ ಭಾಷೆಗಳಲ್ಲಿ ಆತ್ಮಚರಿತ್ರೆಯ ಮೊದಲ ಮಾದರಿಗಳಲ್ಲಿ ಇದೂ ಒಂದೆಂದು ವಿದ್ವಾಂಸರು ಪರಿಗಣಿಸಿದ್ದಾರೆ. ಪಂಡಿತ ನಾಥೂರಾಮ ಪ್ರೇಮಿಯವರು 1943ರಲ್ಲಿ ಇದನ್ನು ಸಂಪಾದಿಸಿದರು; ಮುಕುಂದ ಲಾಠರು 1981ರಲ್ಲಿ ಇಂಗ್ಲಿಷಿಗೆ ಅನುವಾದಿಸಿದರು.

ಹೆಸರಿನ ಕಥೆ

ಬನಾರಸೀದಾಸರು ಶ್ರೀಮಾಲ ವಂಶದವರು. ಪಿತಾಮಹ ಮೂಲದಾಸರು ಮಾಳವದ ನರವರದಲ್ಲಿ ಒಬ್ಬ ಮೊಗಲ್ ಸರದಾರನ ಮೋದಿಯಾಗಿದ್ದರು. ಅವರು ತೀರಿಕೊಂಡೊಡನೆ ಆ ಸರದಾರನು ಮನೆಯ ಸ್ವತ್ತನ್ನೆಲ್ಲ ವಶಪಡಿಸಿಕೊಂಡನು. ವಿಧವೆಯು ಐದು ವರ್ಷದ ಮಗ ಖರಗಸೇನನನ್ನು ಕರೆದುಕೊಂಡು ಜೌನಪುರದ ತವರಿಗೆ ಬಂದಳು. ಈ ಖರಗಸೇನರು ಮುಂದೆ ಜೌನಪುರದಲ್ಲಿ ರತ್ನಪಡಿ ವ್ಯಾಪಾರಿಗಳಾಗಿ ಹೆಸರು ಪಡೆದರು.

ಪುತ್ರಾಪೇಕ್ಷೆಯಿಂದ ಖರಗಸೇನರು ರೋಹತಕದ ಸತಿಯ ಯಾತ್ರೆಗೆ ಹೊರಟರು. ದಾರಿಯಲ್ಲಿ ಕಳ್ಳರು ಸರ್ವಸ್ವವನ್ನೂ ದೋಚಿದರು. ದಂಪತಿಗಳು ಉಟ್ಟ ಬಟ್ಟೆಯಲ್ಲಿ ಮನೆಗೆ ಮರಳಿದರು. ಮಗನನ್ನು ಬೇಡಲು ಹೋದವರು ಇದ್ದುದನ್ನೂ ಕಳೆದುಕೊಂಡು ಬಂದರು, ಆದರೂ ಅವರ ಕಣ್ಣು ತೆರೆಯಲಿಲ್ಲವೆಂದು ಮಗನೇ ಮುಂದೆ ಬರೆದಿದ್ದಾರೆ. ವಿಕ್ರಮ ಸಂವತ್ 1643ರಲ್ಲಿ, ಎಂದರೆ ಕ್ರಿ.ಶ. 1586-87ರಲ್ಲಿ, ಗಂಡುಮಗು ಜನಿಸಿತು. ಇಟ್ಟ ಹೆಸರು ವಿಕ್ರಮಾಜಿತ. ಕೆಲವು ತಿಂಗಳ ತರುವಾಯ ಮಗುವನ್ನು ಕಾಶಿಯ ಪಾರ್ಶ್ವನಾಥ ಜಿನಾಲಯಕ್ಕೆ ಕರೆದೊಯ್ದಾಗ ಅಲ್ಲಿಯ ಪೂಜಾರಿಯು ಧ್ಯಾನದಲ್ಲಿದ್ದವನಂತೆ ನಟಿಸಿ, ಯಕ್ಷನು ತನಗೆ ಕಾಣಿಸಿಕೊಂಡನೆಂದೂ, ಭಗವಂತನ ಜನ್ಮಸ್ಥಳದ ಹೆಸರನ್ನು ಇಟ್ಟರೆ ಮಗು ದೀರ್ಘಾಯುಷಿಯಾಗುವುದೆಂದೂ ಹೇಳಿದನು. ತಂದೆತಾಯಿಗಳು ನಂಬಿದರು. ವಿಕ್ರಮಾಜಿತನು ಬನಾರಸೀದಾಸನಾದನು.

ತಮ್ಮ ಹೆಸರೇ ಒಂದು ಕಪಟದಿಂದ ಬಂದದ್ದೆಂದು ಬನಾರಸೀದಾಸರು ಸಂಕೋಚವಿಲ್ಲದೆ ದಾಖಲಿಸಿದ್ದಾರೆ. ಆಯುಷ್ಯವು ಆಯುಕರ್ಮದಿಂದ ನಿರ್ಧರಿತವಾದುದೆಂದು ಬೋಧಿಸುವ ಜಿನಮಂದಿರದಲ್ಲಿಯೇ ಆಯುಷ್ಯವನ್ನು ಹೆಸರಿನ ಮೂಲಕ ಮಾರಲಾಯಿತೆಂಬುದು ಈ ಪ್ರಸಂಗದ ಮರ್ಮ. ನಾಲ್ಕು ನೂರು ವರ್ಷಗಳ ಹಿಂದಿನ ಈ ಮಾತು ಇಂದಿನ ಮಂದಿರಗಳ ವ್ಯವಸ್ಥಾಪಕರಿಗೂ ಚಿಂತನೀಯವಾಗಿದೆ.

ರೋಗ ಮತ್ತು ಪಥ್ಯ

ಹನ್ನೊಂದನೆಯ ವಯಸ್ಸಿಗೆ ಖೈರಾಬಾದಿನ ಕನ್ಯೆಯೊಡನೆ ವಿವಾಹವಾಯಿತು. ಸೊಸೆ ಮನೆಗೆ ಬಂದ ದಿನವೇ ಮನೆಯಲ್ಲಿ ವೃದ್ಧೆಯೊಬ್ಬರು ತೀರಿಕೊಂಡರು. ಅದೇ ದಿನ ಬನಾರಸಿಗೆ ತಂಗಿ ಹುಟ್ಟಿದಳು. ಒಂದೇ ಮನೆ, ಒಂದೇ ದಿನ, ಮೂರು ಘಟನೆಗಳು. ಶಕುನವನ್ನು ಯಾವುದಕ್ಕೆ ಹಚ್ಚಬೇಕೆಂದು ಯಾವ ಜ್ಯೋತಿಷಿಯೂ ಹೇಳಲಾರನು.

ಯೌವನದಲ್ಲಿ ಬನಾರಸಿಯು ವಿದ್ಯೆಯ ಜೊತೆಗೆ ಪ್ರಣಯದ ದಾರಿಯನ್ನೂ ಹಿಡಿದನು. ತಂದೆಯ ಮಾಣಿಕ್ಯಗಳನ್ನು ಕದ್ದು ಪ್ರೇಯಸಿಗೆ ಉಡುಗೊರೆ ಕಳುಹಿಸುತ್ತಿದ್ದನು. ಹದಿನಾರರ ಆಸುಪಾಸಿನಲ್ಲಿ ಖೈರಾಬಾದಿನ ಮಾವನ ಮನೆಯಲ್ಲಿದ್ದಾಗ ಭಯಂಕರ ಚರ್ಮರೋಗ ಅಂಟಿಕೊಂಡಿತು. ಮೈತುಂಬ ಹುಣ್ಣುಗಳು, ಕೂದಲು ಉದುರಿತು, ದುರ್ಗಂಧದಿಂದಾಗಿ ಯಾರೂ ಬಳಿಗೆ ಬರಲಿಲ್ಲ. ಹೆಂಡತಿ ಮತ್ತು ಅತ್ತೆ ಇಬ್ಬರೇ ಅನ್ನವುಣಿಸಿ, ಔಷಧ ಹಚ್ಚಿ ಶುಶ್ರೂಷೆ ಮಾಡಿದರು. ವೈದ್ಯ ಬಲ್ಲ ಒಬ್ಬ ಕ್ಷೌರಿಕನು ಉಪ್ಪಿಲ್ಲದ ಕಡಲೆಯ ಪಥ್ಯದಲ್ಲಿಟ್ಟು ಔಷಧ ಕೊಟ್ಟು ತಿಂಗಳುಗಟ್ಟಲೆ ಚಿಕಿತ್ಸೆ ನಡೆಸಿದನು. ರೋಗ ವಾಸಿಯಾಯಿತು.

ಅಸಾತಾ ವೇದನೀಯದ ಉದಯವನ್ನು ತಪ್ಪಿಸಲು ಯಾರಿಗೂ ಸಾಧ್ಯವಿಲ್ಲ. ಆದರೆ ಆ ಉದಯಕಾಲದಲ್ಲಿ ರೋಗಿಯ ಪಕ್ಕದಲ್ಲಿ ಕುಳಿತುಕೊಳ್ಳುವುದು ಮನುಷ್ಯರಿಗೆ ಸಾಧ್ಯ. ಕರ್ಮಫಲವೆಂದು ಹೇಳಿ ರೋಗಿಯಿಂದ ದೂರ ಸರಿಯುವವರು ಸಿದ್ಧಾಂತದ ಅರ್ಧವನ್ನು ಮಾತ್ರ ಓದಿದವರು. ವೈಯಾವೃತ್ತ್ಯವನ್ನು ಆಚಾರ್ಯರು ಆಭ್ಯಂತರ ತಪಸ್ಸುಗಳಲ್ಲಿ ಎಣಿಸಿರುವುದು ಅರ್ಥವಿಲ್ಲದೆ ಅಲ್ಲ.

ದಿನಕ್ಕೊಂದು ದೀನಾರ

ಹಣದ ಆಸೆ ಮತ್ತೊಂದು ರೂಪದಲ್ಲಿ ಬಂದಿತು. 1604ರ ಸುಮಾರಿಗೆ ಜೌನಪುರಕ್ಕೆ ಬಂದ ಒಬ್ಬ ಸನ್ಯಾಸಿಯು ಮಂತ್ರವೊಂದನ್ನು ಕೊಟ್ಟನು. ಒಂದು ವರ್ಷ ಗುಟ್ಟಾಗಿ, ಶೌಚಸ್ಥಾನದಲ್ಲಿ ಕುಳಿತು ಅದನ್ನು ಜಪಿಸಿದರೆ, ಆಮೇಲೆ ಪ್ರತಿದಿನ ಮನೆಯ ಬಾಗಿಲಲ್ಲಿ ಒಂದು ಚಿನ್ನದ ದೀನಾರ ಬಿದ್ದಿರುವುದೆಂದು ಹೇಳಿದನು. ಬನಾರಸಿಯು ವರ್ಷವಿಡೀ ತಪ್ಪದೆ ಜಪಿಸಿದನು. ಅವಧಿ ಮುಗಿದ ಬೆಳಿಗ್ಗೆ ಸ್ನಾನ ಮಾಡಿ ಬಾಗಿಲಿಗೆ ಬಂದು ನೋಡಿದರೆ ನೆಲ ಬರಿದಾಗಿತ್ತು. ದಿನದ ಎಣಿಕೆ ತಪ್ಪಿರಬಹುದೆಂದು ಮರುದಿನವೂ ನೋಡಿದನು. ಕೊನೆಗೆ ಗುರುಗಳಾದ ಭಾನುಚಂದ್ರ ಯತಿಗಳು ತಿಳಿಸಿ ಹೇಳಿದ ಮೇಲೆ ಭ್ರಮೆ ಬಿಟ್ಟಿತು. ಸ್ವಲ್ಪ ಕಾಲದಲ್ಲಿಯೇ ಒಬ್ಬ ಜೋಗಿಯು ಪುಟ್ಟ ಶಂಖವೊಂದನ್ನು ಕೊಟ್ಟು ಅದು ಸದಾಶಿವನೆಂದನು. ಅದನ್ನೂ ಗುಟ್ಟಾಗಿ ಪೂಜಿಸುವುದು ಆರಂಭವಾಯಿತು.

1605ರಲ್ಲಿ ಅಕ್ಬರನ ಮರಣವಾರ್ತೆ ಜೌನಪುರಕ್ಕೆ ಬಂದಾಗ ಮೆಟ್ಟಿಲ ಮೇಲೆ ಕುಳಿತಿದ್ದ ಬನಾರಸಿಯು ತಲೆ ತಿರುಗಿ ಬಿದ್ದು ಹಣೆ ಒಡೆದುಕೊಂಡನು. ತಾಯಿ ಬಟ್ಟೆ ಸುಟ್ಟು ಗಾಯಕ್ಕೆ ತುಂಬಿದಳು. ಊರಿನಲ್ಲಿ ಅಂಗಡಿಗಳು ಮುಚ್ಚಿದವು. ವರ್ತಕರು ಒಡವೆ, ಹಣ, ಲೆಕ್ಕದ ಕಡತಗಳನ್ನು ಹೂಳಿಟ್ಟರು. ಶ್ರೀಮಂತರು ಒರಟು ಬಟ್ಟೆ ಉಟ್ಟು ಬಡವರಂತೆ ತಿರುಗಿದರು. ಸುಮಾರು ಹತ್ತು ದಿನಗಳ ಬಳಿಕ ಜಹಾಂಗೀರನು ಪಟ್ಟವೇರಿದನೆಂಬ ಪತ್ರ ಬಂದ ಮೇಲೆಯೇ ಊರು ಉಸಿರಾಡಿತು. ಆಗ ಬನಾರಸಿಯು ಒಂದು ಪ್ರಶ್ನೆಯನ್ನು ತನಗೆ ತಾನೇ ಹಾಕಿಕೊಂಡನು: ತಾನು ಉರುಳಿ ಬಿದ್ದಾಗ ಆ ಶಂಖದ ದೇವರು ಎಲ್ಲಿದ್ದನು? ಅಂದಿನಿಂದ ಆ ಪೂಜೆ ನಿಂತಿತು. ಕೆಲವು ದಿನಗಳಲ್ಲಿ, ತಾನು ಬರೆದಿದ್ದ ಸಾವಿರ ಪದ್ಯಗಳ ಶೃಂಗಾರಪ್ರಧಾನ ಕಾವ್ಯವನ್ನು ಗೋಮತೀ ನದಿಗೆ ಎಸೆದು, ಜಿನಮಂದಿರದ ದಾರಿ ಹಿಡಿದನು.

ಆಗ್ರಾದ ಉದ್ರಿ

1610ರಲ್ಲಿ ಖರಗಸೇನರು ಮಗನ ಕೈಗೆ ರತ್ನಗಳನ್ನೂ, ಇಪ್ಪತ್ತು ಮಣ ತುಪ್ಪವನ್ನೂ, ಎಣ್ಣೆ ಮತ್ತು ಜೌನಪುರದ ಬಟ್ಟೆಗಳನ್ನೂ ಕೊಟ್ಟು ಆಗ್ರಾಕ್ಕೆ ಕಳುಹಿಸಿದರು. ದಾರಿಯಲ್ಲಿ ಇಟಾವೆಯ ಬಳಿ ರಾತ್ರಿ ಜಡಿಮಳೆ ಹಿಡಿಯಿತು. ಸರಾಯಿಯಲ್ಲಿ ಜಾಗವಿಲ್ಲ, ಯಾರೂ ಬಾಗಿಲು ತೆರೆಯಲಿಲ್ಲ. ಕೊನೆಗೆ ಕಾವಲುಗಾರರ ಗುಡಿಸಿಲಿನಲ್ಲಿ ಹುಲ್ಲು ಹಾಸಿಕೊಂಡು ಒರಗುವಷ್ಟರಲ್ಲಿ ಇನ್ನೊಬ್ಬನು ಮಂಚದೊಡನೆ ಬಂದು ಇದು ತನ್ನ ಜಾಗವೆಂದು ಗದರಿಸಿದನು. ಎದ್ದು ಹೊರಟವರನ್ನು ಕಂಡು ಅವನಿಗೇ ಮರುಕ ಹುಟ್ಟಿತು. ತಾನು ಮಂಚದ ಮೇಲೆ ಮಲಗಿ, ಇವರಿಗೆ ಗೋಣಿತಾಟು ಕೊಟ್ಟು ಮಂಚದ ಕೆಳಗೆ ಮಲಗಿಸಿದನು. ಸಾವಿರಾರು ರೂಪಾಯಿಯ ರತ್ನ ಕಂಡಿದ್ದ ಮನೆತನದ ಮಗನಿಗೆ ಆ ರಾತ್ರಿ ಸುಖವೆಂದರೆ ಮಂಚದ ಕೆಳಗಿನ ಒಣ ನೆಲ.

ಆಗ್ರಾದಲ್ಲಿ ಲಾಭಾಂತರಾಯವು ಪೂರ್ಣವಾಗಿ ಉದಯಕ್ಕೆ ಬಂದಿತು. ಇಜಾರದ ಲಾಡಿಯಲ್ಲಿ ಕಟ್ಟಿಟ್ಟಿದ್ದ ರತ್ನಗಳು ಬಿದ್ದುಹೋದವು. ಬಟ್ಟೆಯಲ್ಲಿ ಸುತ್ತಿಟ್ಟ ಮಾಣಿಕ್ಯಗಳನ್ನು ಇಲಿಗಳು ಎಳೆದೊಯ್ದವು. ಒಡವೆ ಕೊಂಡವನು ದಿವಾಳಿಯಾದನು. ತುಪ್ಪ, ಎಣ್ಣೆಗಳಿಂದ ಬಂದ ಲಾಭ ಹೆಸರಿಗೆ ಮಾತ್ರ. ಕೆಲವೇ ತಿಂಗಳಲ್ಲಿ ಕೈ ಬರಿದಾಯಿತು. ಹಗಲು ಪೇಟೆಗೆ ಹೋಗದೆ ಮನೆಯಲ್ಲಿ ಕುಳಿತು, ಸಂಜೆ ಬಂದವರಿಗೆ ‘ಮಧುಮಾಲತಿ’, ‘ಮೃಗಾವತಿ’ ಕಾವ್ಯಗಳನ್ನು ಹಾಡಿ ಹೇಳುವುದೇ ಕಸುಬಾಯಿತು.

ಕೇಳಲು ಬರುವವರಲ್ಲಿ ಒಬ್ಬ ಕಚೋರಿ ಮಾರುವವನಿದ್ದನು. ಬನಾರಸೀದಾಸರು ಅವನಿಂದ ಉದ್ರಿಯಾಗಿ ಕಚೋರಿ ತಂದು ಹೊಟ್ಟೆ ಹೊರೆಯುತ್ತಿದ್ದರು. ಒಂದು ದಿನ ಅವನನ್ನು ಏಕಾಂತಕ್ಕೆ ಕರೆದು, ತಮ್ಮ ಬಳಿ ಏನೂ ಉಳಿದಿಲ್ಲ, ಇನ್ನು ಮುಂದೆ ಉದ್ರಿ ಕೊಡುವುದು ಕ್ಷೇಮವಲ್ಲ ಎಂದು ನಿಜ ಸ್ಥಿತಿಯನ್ನು ಹೇಳಿಬಿಟ್ಟರು. ಆ ವ್ಯಾಪಾರಿಯು, ಇಪ್ಪತ್ತು ರೂಪಾಯಿಯವರೆಗೂ ತಿನ್ನಿರಿ, ಯಾರೂ ಕೇಳುವುದಿಲ್ಲ ಎಂದು ಉತ್ತರಿಸಿದನು. ಹೀಗೆ ತಿಂಗಳುಗಳು ಕಳೆದವು. ಮುಂದೆ ಧರಮದಾಸನೆಂಬ ತರುಣನೊಡನೆ ಐದು ನೂರು ರೂಪಾಯಿ ಬಂಡವಾಳದ ಪಾಲುವ್ಯಾಪಾರ ದೊರೆತು ನಾಲ್ಕು ಕಾಸು ಕೈಗೆ ಬಂದಾಗ ಮೊದಲು ಮಾಡಿದ ಕೆಲಸ ಕಚೋರಿಯವನ ಬಾಕಿ ಹದಿನಾಲ್ಕು ರೂಪಾಯಿಗಳನ್ನು ತೀರಿಸಿದ್ದು.

ವ್ಯಾಪಾರದ ಇತಿಹಾಸದಲ್ಲಿ ಹದಿನಾಲ್ಕು ರೂಪಾಯಿ ದೊಡ್ಡ ಮೊತ್ತವಲ್ಲ. ಆದರೆ ಇಲ್ಲಿ ಎರಡು ಸತ್ಯಗಳು ಎದುರುಬದುರಾಗಿ ನಿಂತಿವೆ. ಸಾಲಗಾರನು ತನ್ನ ಬಡತನವನ್ನು ಮುಚ್ಚಿಡಲಿಲ್ಲ. ಸಾಲ ಕೊಟ್ಟವನು ಆ ಮಾತಿಗೆ ಹೆದರಲಿಲ್ಲ. ಮುಚ್ಚಿಟ್ಟು ತಿಂದಿದ್ದರೆ ಅದು ಚೌರ್ಯಕ್ಕೆ ಸಮೀಪವಾಗುತ್ತಿತ್ತು.

ಆದರೆ ಬನಾರಸೀದಾಸರು ಎಲ್ಲ ಸಂದರ್ಭಗಳಲ್ಲಿಯೂ ಇಷ್ಟು ಶುದ್ಧರಾಗಿರಲಿಲ್ಲ. ಪಾಲುವ್ಯಾಪಾರ ಮುಗಿದು ಮತ್ತೆ ಬರಿಗೈಯಾದ ದಿನಗಳಲ್ಲಿ ಬೀದಿಯಲ್ಲಿ ಎಂಟು ಮುತ್ತುಗಳ ಗಂಟೊಂದು ಸಿಕ್ಕಿತು. ಅವರು ಅದನ್ನು ಯಾರಿಗೂ ಹೇಳದೆ ತಾಯಿತದಲ್ಲಿ ಅಡಗಿಸಿಕೊಂಡರು. ಬಿದ್ದುದನ್ನೂ ಮರೆತುದನ್ನೂ ತೆಗೆದುಕೊಳ್ಳಬಾರದೆಂದು ಸಮಂತಭದ್ರಾಚಾರ್ಯರ ‘ರತ್ನಕರಂಡಕ ಶ್ರಾವಕಾಚಾರ’ವು ಅಚೌರ್ಯಾಣುವ್ರತದ ಲಕ್ಷಣದಲ್ಲಿ ವಿಧಿಸಿದೆ. ಲೋಕದ ದೃಷ್ಟಿಯಲ್ಲಿ ಅದೃಷ್ಟವಾದುದು ವ್ರತದ ದೃಷ್ಟಿಯಲ್ಲಿ ಅತಿಕ್ರಮ. ಆದರೂ ಆ ಘಟನೆಯನ್ನು ಅವರು ಪುಸ್ತಕದಿಂದ ಅಳಿಸಲಿಲ್ಲ.

ಅಲ್ಲಿಂದ ಖೈರಾಬಾದಿಗೆ ಹೋದಾಗ ಹೆಂಡತಿ ಗಳಿಕೆಯ ವಿಚಾರ ಕೇಳಿದಳು. ಮೊದಲು ಸುಳ್ಳು ಹೇಳಿ, ಆಮೇಲೆ ನಿಜವನ್ನು ಒಪ್ಪಿಕೊಂಡರು. ಆಕೆ ತಾನು ಕೂಡಿಟ್ಟಿದ್ದ ಇಪ್ಪತ್ತು ರೂಪಾಯಿಗಳನ್ನು ಮುಂದಿಟ್ಟಳು. ಗಂಡನ ಮಾನ ಕಾಯಬೇಕೆಂದು ತಾಯಿಗೂ ಗುಟ್ಟಾಗಿ ತಿಳಿಸಿದಳು. ಅತ್ತೆಯು ಯಾರಿಗೂ ತಿಳಿಯದಂತೆ ಇನ್ನೂರು ರೂಪಾಯಿ ಕೊಟ್ಟಳು. ವರ್ತಕರ ಇತಿಹಾಸದಲ್ಲಿ ಹೆಂಗಸರ ಈ ಗುಪ್ತ ಬಂಡವಾಳಕ್ಕೆ ಖಾತೆಯೇ ಇರುವುದಿಲ್ಲ. ಬನಾರಸೀದಾಸರು ಅದಕ್ಕೊಂದು ಖಾತೆ ತೆರೆದರು.

ಶ್ರೀಮಂತನ ಬಾಗಿಲು

ಇದಕ್ಕೆ ಪ್ರತಿಯಾದ ಇನ್ನೊಂದು ಚಿತ್ರವೂ ಕೃತಿಯಲ್ಲಿದೆ. ಮುಂದೆ ಅವರು ಆಗ್ರಾದ ಸಬಲಸಿಂಹ ಮೋಠಿಯಾ ಎಂಬ ಧನಿಕನ ಪಾಲುದಾರಿಕೆಯಲ್ಲಿ ವ್ಯವಹರಿಸಿದರು. ಲೆಕ್ಕ ಚುಕ್ತಾ ಮಾಡಿಸಿಕೊಳ್ಳಲು ಹೋದರೆ ಸಾಹುಕಾರನು ಗಾಯಕರು, ವಾದ್ಯದವರು, ಸ್ತುತಿಪಾಠಕರ ನಡುವೆ ಮಗ್ನನಾಗಿದ್ದನು. ಇಂದು ನಾಳೆ ಎನ್ನುತ್ತ ತಿಂಗಳುಗಳು ಉರುಳಿದವು. ಕೊನೆಗೆ ಸ್ನೇಹಿತರೊಬ್ಬರ ಮಧ್ಯಸ್ಥಿಕೆಯಿಂದ ಕಾಗದ ಕೈಸೇರಿತು. ತಿಂದವನ ಬಾಕಿಯನ್ನು ಕೇಳದೆ ಕಾದವನು ಕಚೋರಿಯ ವ್ಯಾಪಾರಿ. ತನ್ನ ಪಾಲುದಾರನನ್ನು ಬಾಗಿಲಲ್ಲಿ ಕಾಯಿಸಿದವನು ಕೋಟ್ಯಧೀಶ.

1616ರಲ್ಲಿ ತಂದೆ ತೀರಿಕೊಂಡರು. ಅದೇ ಕಾಲದಲ್ಲಿ ಆಗ್ರಾಕ್ಕೆ ಗಂಟುರೋಗ, ಎಂದರೆ ಪ್ಲೇಗು ಬಂದಿತು. ಇಲಿಗಳು ಸತ್ತವು, ವೈದ್ಯರೂ ಸತ್ತರು, ಜನರು ಅನ್ನ ಮುಟ್ಟಲೂ ಹೆದರಿದರು. ಸಬಲಸಿಂಹನ ಸಿರಿಯೂ ಬೀದಿಯ ಬಡತನವೂ ಆ ರೋಗದ ಮುಂದೆ ಒಂದೇ ಆದವು. ಬನಾರಸೀದಾಸರು ಅಜೀಜಪುರವೆಂಬ ಹಳ್ಳಿಗೆ ಹೋಗಿ ಜೀವ ಉಳಿಸಿಕೊಂಡರು.

ಗೊಮ್ಮಟಸಾರದ ಬೆಳಕು

1623ರಲ್ಲಿ ಅರಥಮಲ್ಲರೆಂಬ ಅಧ್ಯಾತ್ಮಪ್ರೇಮಿಗಳು ಕುಂದಕುಂದಾಚಾರ್ಯರ ‘ಸಮಯಸಾರ’ದ ಮೇಲಿನ ರಾಜಮಲ್ಲರ ಟೀಕೆಯನ್ನು ತಂದು ಕೊಟ್ಟರು. ಆತ್ಮನು ಪರದ್ರವ್ಯಕ್ಕೆ ಕರ್ತೃವಲ್ಲ, ಭೋಕ್ತೃವಲ್ಲ ಎಂಬ ನಿಶ್ಚಯನಯದ ಮಾತು ನಷ್ಟಗಳಿಂದ ನೊಂದ ವರ್ತಕನಿಗೆ ಅಮೃತದಂತೆ ಕಂಡಿತು. ಆದರೆ ಅದರ ಮರ್ಮ ತಿಳಿಯದೆ, ವ್ಯವಹಾರವೆಲ್ಲ ಮಿಥ್ಯೆಯೆಂದು ಭಾವಿಸಿ, ಜಪ, ಸಾಮಾಯಿಕ, ಪ್ರತಿಕ್ರಮಣಗಳನ್ನು ಬಿಟ್ಟರು. ದೇವರಿಗೆ ಅರ್ಪಿಸಿದ ನೈವೇದ್ಯವನ್ನೂ ತಿಂದರು. ನಾಲ್ವರು ಸ್ನೇಹಿತರು ಕೋಣೆಯ ಬಾಗಿಲಿಕ್ಕಿಕೊಂಡು ಬಟ್ಟೆ ಕಳಚಿ, ತಾವು ಮುನಿಗಳಾದೆವೆಂದು ಆಟವಾಡಿದ್ದೂ ಉಂಟು. ಪರಿಗ್ರಹವು ಬಟ್ಟೆಯೊಂದಿಗೆ ಕಳಚಿ ಬೀಳುವುದಿಲ್ಲವೆಂದು ಅವರಿಗೆ ತಿಳಿಯಲು ಹನ್ನೆರಡು ವರ್ಷಗಳು ಬೇಕಾದವು.

1635ರಲ್ಲಿ ಪಂಡಿತ ರೂಪಚಂದರು ಆಗ್ರಾಕ್ಕೆ ಬಂದು ‘ಗೊಮ್ಮಟಸಾರ’ವನ್ನು ಪ್ರವಚನ ಮಾಡಿದರು. ಈ ಗ್ರಂಥದ ಹುಟ್ಟು ಕನ್ನಡ ನಾಡಿನದು. ಗಂಗರ ಮಂತ್ರಿಯೂ ಸೇನಾನಿಯೂ ಆಗಿದ್ದ, ಶ್ರವಣಬೆಳಗೊಳದ ಬಾಹುಬಲಿಯನ್ನು ಕಡೆಯಿಸಿದ ಚಾವುಂಡರಾಯನಿಗಾಗಿ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ಹತ್ತನೆಯ ಶತಮಾನದಲ್ಲಿ ಇದನ್ನು ಪ್ರಾಕೃತದಲ್ಲಿ ರಚಿಸಿದರು; ‘ಗೊಮ್ಮಟ’ ಎಂಬುದು ಚಾವುಂಡರಾಯನ ಇನ್ನೊಂದು ಹೆಸರು. 1359ರಲ್ಲಿ ಕೇಶವವರ್ಣಿಯು ಇದಕ್ಕೆ ಕನ್ನಡ ವೃತ್ತಿಯನ್ನು ಬರೆದನು. ಜೀವಕಾಂಡ, ಕರ್ಮಕಾಂಡಗಳೆಂಬ ಎರಡು ಭಾಗಗಳಲ್ಲಿ ಗುಣಸ್ಥಾನಗಳನ್ನೂ, ವೇದನೀಯ, ಅಂತರಾಯ ಮೊದಲಾದ ಕರ್ಮಪ್ರಕೃತಿಗಳನ್ನೂ ವಿವರಿಸುವ ಈ ಗ್ರಂಥವು ಬನಾರಸೀದಾಸರ ಸಂಶಯವನ್ನು ಹರಿಯಿತು. ಯಾವ ಗುಣಸ್ಥಾನದಲ್ಲಿ ಇರುವ ಜೀವಕ್ಕೆ ಯಾವ ಕ್ರಿಯೆ ಉಚಿತವೋ ಅದನ್ನು ಬಿಡಲಾಗದು. ಗೃಹಸ್ಥನು ಗೃಹಸ್ಥನ ಲೆಕ್ಕವನ್ನೇ ಕೊಡಬೇಕು. ಮರುವರ್ಷ, 1636ರಲ್ಲಿ, ಅವರು ‘ಸಮಯಸಾರ ನಾಟಕ’ವನ್ನು ಪೂರ್ಣಗೊಳಿಸಿದರು. ಬೆಳಗೊಳದ ಬೆಟ್ಟದ ನಾಡಿನಲ್ಲಿ ಹುಟ್ಟಿದ ಗ್ರಂಥವು ಆರು ನೂರು ವರ್ಷಗಳಿಗೂ ಮೀರಿದ ಬಳಿಕ ಯಮುನಾತೀರದ ಒಬ್ಬ ವರ್ತಕನನ್ನು ದಾರಿಗೆ ತಂದಿತೆಂಬುದು ಕನ್ನಡ ಶ್ರಾವಕರಿಗೆ ಹೆಮ್ಮೆಯ ಸಂಗತಿ.

ಕೊನೆಯ ಜಮಾ-ಖರ್ಚು

ಐವತ್ತೈದು ವರ್ಷಗಳ ಕೊನೆಗೆ ಬನಾರಸೀದಾಸರು ಶಿಲ್ಕು ತೆಗೆಯುತ್ತಾರೆ. ಮೂವರು ಹೆಂಡಿರು, ಏಳು ಗಂಡು, ಎರಡು ಹೆಣ್ಣು ಮಕ್ಕಳು. ಒಂಬತ್ತು ಮಕ್ಕಳಲ್ಲಿ ಒಬ್ಬರೂ ಉಳಿಯಲಿಲ್ಲ. ಎಲೆ ಉದುರಿದ ಮರಗಳಂತೆ ಗಂಡಹೆಂಡಿರಿಬ್ಬರೇ ಉಳಿದರೆಂದು ಅವರು ಹೇಳುತ್ತಾರೆ. ಬಳಿಕ ತಮ್ಮ ಗುಣದೋಷಗಳ ಪಟ್ಟಿ. ಕವಿತಾಶಕ್ತಿ, ಕ್ಷಮೆ, ಸಂತೋಷಗಳನ್ನು ಗುಣದ ಕಡೆಗೆ ಬರೆದರೆ, ಧನದ ಲೋಭ ಪ್ರಬಲವಾಗಿದೆಯೆಂದೂ, ಸ್ವಲ್ಪ ಲಾಭಕ್ಕೆ ಹಿಗ್ಗಿ ಸ್ವಲ್ಪ ನಷ್ಟಕ್ಕೆ ಕುಗ್ಗುವರೆಂದೂ, ಏಕಾಂತದಲ್ಲಿ ಕುಣಿಯುವರೆಂದೂ, ಕಾರಣವಿಲ್ಲದೆ ಹೆದರುವರೆಂದೂ ದೋಷದ ಕಡೆಗೆ ಬರೆದಿದ್ದಾರೆ. ಅಧ್ಯಾತ್ಮ ಓದಿದ ಮೇಲೂ ಲೋಭ ಉಳಿದಿದೆಯೆಂದು ಒಪ್ಪಿಕೊಳ್ಳುವ ಧೈರ್ಯ ಅಪರೂಪದ್ದು.

ಈ ಪುಸ್ತಕವನ್ನು ಖಾತೆಯಂತೆ ಓದಿದರೆ ಇನ್ನೊಂದು ಸಂಗತಿ ಹೊಳೆಯುತ್ತದೆ. ಆಹಾರ, ಔಷಧ, ಅಭಯ, ಶಾಸ್ತ್ರ ಎಂಬ ಚತುರ್ವಿಧ ದಾನಗಳೂ ಇಲ್ಲಿವೆ. ಹಸಿದಾಗ ಕಚೋರಿಯವನು ನಂಬಿಕೆಯಿಂದ ಉದ್ರಿ ಕೊಟ್ಟನು. ರೋಗಕ್ಕೆ ಕ್ಷೌರಿಕನು ಔಷಧ ಕೊಟ್ಟನು. 1598ರಲ್ಲಿ ಜೌನಪುರದ ನವಾಬ ಕಿಲೀಚ್ ಖಾನನು ಜವಾಹಿರಿ ವರ್ತಕರನ್ನೆಲ್ಲ ಸೆರೆಹಿಡಿದು ಹೊಡೆಸಿದಾಗ, ಮಳೆಯಲ್ಲಿ ಓಡಿಬಂದ ಈ ಕುಟುಂಬಕ್ಕೆ ಶಹಜಾದಪುರದ ಕರಮಚಂದನೆಂಬ ವಣಿಕನು ಪಾತ್ರೆ, ಧಾನ್ಯ, ಹಾಸಿಗೆಗಳ ಸಹಿತ ತನ್ನ ಮನೆಯನ್ನು ಬಿಟ್ಟುಕೊಟ್ಟು ಅಭಯ ನೀಡಿದ್ದನು. ಅರಥಮಲ್ಲರು ಶಾಸ್ತ್ರ ಕೊಟ್ಟರು. ಉದ್ರಿಯು ದಾನವಲ್ಲವೆಂಬುದು ನಿಜ. ಕೊಟ್ಟವರು ಯಾರೂ ದಾನಶಾಸನ ಬರೆಸಿದವರೂ ಅಲ್ಲ. ಆದರೆ ಪಡೆದವನು ಬರೆದಿಟ್ಟನು. ದೀನಾರ ಕೊಡುತ್ತೇನೆಂದ ಮಂತ್ರ, ಆಯುಷ್ಯ ಕೊಡುತ್ತೇನೆಂದ ಯಕ್ಷ, ಕಾಯುತ್ತೇನೆಂದ ಶಂಖ ಇವುಗಳ ಖಾತೆಯಲ್ಲಿ ಜಮೆಯಾದುದು ಒಂದೂ ಇಲ್ಲ.

ಶುಭಾಶುಭ ಕರ್ಮಗಳ ಉದಯಕಾಲ ಶ್ರಾವಕನ ಕೈಯಲ್ಲಿಲ್ಲ. ಅವನ ಕೈಯಲ್ಲಿರುವುದು ಬೇರೆಯವರ ಬಾಕಿಯನ್ನು ಸಕಾಲದಲ್ಲಿ ತೀರಿಸುವುದು, ತನ್ನ ಪರಿಗ್ರಹಕ್ಕೆ ಪರಿಮಾಣ ಹಾಕಿಕೊಳ್ಳುವುದು, ರೋಗಿಯ ಬಳಿ ಕೂರುವುದು, ಕಷ್ಟದಲ್ಲಿರುವ ಸಾಧರ್ಮಿಕನ ಮಾನ ಹೋಗದಂತೆ ಕೊಡುವುದು. ಮಂದಿರದ ನ್ಯಾಸಗಳಿಗೂ ಇದೇ ನಿಯಮ ಅನ್ವಯಿಸುತ್ತದೆ. ಅದೃಷ್ಟದ ಆಸೆ ತೋರಿಸಿ ಸಂಗ್ರಹಿಸಿದ ಹಣದಿಂದ ಶಿಖರ ಎತ್ತರವಾಗಬಹುದು, ಸಮ್ಯಕ್ತ್ವ ಬೆಳೆಯಲಾರದು. ಅದೇ ಮಂದಿರದಲ್ಲಿ ವಿದ್ಯಾರ್ಥಿಗೆ ಒಂದು ಹೊತ್ತಿನ ಅನ್ನ, ರೋಗಿಗೆ ಔಷಧ, ದಾರಿ ತಪ್ಪಿದವನಿಗೆ ಒಂದು ಗ್ರಂಥ, ಕೆಲಸಗಾರನಿಗೆ ತಿಂಗಳು ಮುಗಿದೊಡನೆ ಸಂಬಳ ದೊರೆತರೆ ಅಲ್ಲಿ ಧರ್ಮವು ವ್ಯವಹಾರದಲ್ಲಿ ನಿಂತಂತಾಯಿತು. ಪ್ರತಿ ಶ್ರಾವಕ ಕುಟುಂಬವೂ ವರ್ಷಾಂತ್ಯದಲ್ಲಿ ಅಂಗಡಿಯ ಲೆಕ್ಕದೊಡನೆ, ಆ ವರ್ಷ ಯಾರ ಉಪಕಾರ ಪಡೆಯಿತು, ಯಾರನ್ನು ಬಾಗಿಲಲ್ಲಿ ಕಾಯಿಸಿತು ಎಂಬ ಲೆಕ್ಕವನ್ನೂ ಬರೆದಿಡುವುದು ಯೋಗ್ಯವಾಗಿದೆ.